ಆಚೆ ಬೆಟ್ಟದ ದೋಷ ಮೀಮಾಂಸೆ

ರೇಡಿಯೊ ಲಿಂಕ್ ಪರೀಕ್ಷೆ ಮಾಡುವುದು ದೋಷ ಹುಡುಕಲಿಕ್ಕೆ ಎಂದು ಉಪಕರಣದ ಡಬ್ಬಿಯೊಳಗೆ ಬರುವ ಕೈಪಿಡಿಗಳು ಹೇಳುತ್ತವೆ. ಕೈಪಿಡಿ ಬರೆಯುವವರು ಟವರ್ ಹತ್ತುವವರಲ್ಲವಾದ್ದರಿಂದ ಈ ತಪ್ಪನ್ನು ಮನ್ನಿಸಬಹುದು. ಶಾಸ್ತ್ರವನ್ನು ಬಗೆದು ನೋಡಿದರೆ ಕಾಣುವುದೇ ಬೇರೆ: ದೋಷ ಆಚೆ ಕಡೆ ಇದೆ ಎಂದು ಸ್ಥಾಪಿಸುವುದಕ್ಕೇ ಪರೀಕ್ಷೆ ಹುಟ್ಟಿದ್ದು. ‘ನಮ್ ಸೈಡ್ ಓಕೆ ಸಾರ್, ನಿಮ್ ಸೈಡ್ ನೋಡಿ’ ಎಂಬುದು ಈ ಶಾಸ್ತ್ರದ ಮಹಾವಾಕ್ಯ. ನಮ್ಮ ತಾರ್ಕಿಕರು ಅನುಮಾನಪ್ರಮಾಣಕ್ಕೆ ಕೊಡುತ್ತ ಬಂದ ಉದಾಹರಣೆಯೂ ಬೆಟ್ಟದ್ದೇ ಆಗಿರುವುದು ಕಾಕತಾಳೀಯವಲ್ಲ. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆ ಕಾಣುತ್ತಿದೆ ಎಂದರು ಅವರು. ಆಚೆ ಬೆಟ್ಟದಲ್ಲಿ ದೋಷವಿದೆ, ಏಕೆಂದರೆ ಈಚೆ ಬೆಟ್ಟದಲ್ಲಿ ಹಸಿರು ದೀಪ ಉರಿಯುತ್ತಿದೆ ಎನ್ನುತ್ತಾರೆ ಇವರು. ದೂರದ ಬೆಟ್ಟ ನುಣ್ಣಗೆ ಎಂದು ಗಾದೆ ಕಟ್ಟಿದ ಪುಣ್ಯಾತ್ಮ ಮೈಕ್ರೊವೇವ್ ಲಿಂಕಿನ ಬಾಯಿಗೆ ಬಿದ್ದವನಲ್ಲ.

ಮೊದಲ ಪ್ರಮಾಣ ಲೂಪ್‌ಬ್ಯಾಕ್. ಯಂತ್ರ ಕಳಿಸಿದ್ದನ್ನು ಹೊರಗೆ ಬಿಡದೆ ಅದರ ಕಿವಿಗೇ ತಿರುಗಿಸುವುದು. ಒಂದು ಗೇಣು ತಂತಿ ಸಾಕು. ಹೇಳುವವನೂ ಕೇಳುವವನೂ ಒಬ್ಬನೇ ಆದ ಮೇಲೆ ಭೇದವೆಲ್ಲಿ, ದೋಷವೆಲ್ಲಿ? ಇದು ಶುದ್ಧ ಅದ್ವೈತ. ಆಚೆ ತುದಿಯಲ್ಲಿ ಲೂಪ್ ಹಾಕಿಸಿ, ಹೋದ ಮಾತು ಗಾಳಿಯಲ್ಲಿ ಸುತ್ತಿಕೊಂಡು ಮರಳುವಂತೆ ಮಾಡಿದರೆ ವಿಶಿಷ್ಟಾದ್ವೈತ. ಎರಡೂ ತುದಿಯಲ್ಲಿ ಬೇರೆಬೇರೆ ಮೀಟರ್ ಇಟ್ಟು ಅಳೆಯುವುದು ದ್ವೈತ; ಅದಕ್ಕೆ ಎರಡು ಮೀಟರು, ಎರಡು ಜೀಪು, ಎರಡು ಭತ್ಯೆ ಬೇಕಾಗುವುದರಿಂದ ಮೇಲಧಿಕಾರಿಗಳು ಸಾಮಾನ್ಯವಾಗಿ ಅದ್ವೈತಿಗಳು. ಇನ್ನು ಲೂಪಿನೊಳಗೆ ಓಡಿಸುವ ಬಿಟ್‌ಗಳನ್ನು ನೋಡಿ. ಸೆಕೆಂಡಿಗೆ 20,48,000 ಬಿಟ್ ಸಾಗುವ ಹಳೆಯ ಇ-ಒನ್ ಸರ್ಕ್ಯೂಟಿನಲ್ಲಿ ಬಳಕೆಯಲ್ಲಿದ್ದ ಒಂದು ಪರೀಕ್ಷಾ ಸರಣಿಯ ಉದ್ದ 32,767 ಬಿಟ್. ಮುಗಿದರೆ ಮತ್ತೆ ಮೊದಲಿನಿಂದ. ಅಂದರೆ ಸೆಕೆಂಡಿಗೆ 62 ಸಲ ಅದೇ ಮಗ್ಗಿ ಒಪ್ಪಿಸುವುದು, ಮಗ್ಗಿ ಬಾಯಿಪಾಠವಿರುವ ಮೀಟರೇ ಕೂತು ಕೇಳುವುದು. ಗಂಟೆಗೆ 737 ಕೋಟಿ ಬಿಟ್ ಹೀಗೆ ಓಡಿ ಒಂದೂ ತಪ್ಪಲಿಲ್ಲ ಎಂಬ ಚೀಟಿ ಕೈಗೆ ಬಂತೆಂದರೆ, ಇನ್ನು ಆ ಯಂತ್ರವನ್ನು ಅನುಮಾನಿಸುವವರು ನಾಸ್ತಿಕರೇ ಸರಿ.

ಉತ್ತರ ಮೊದಲೇ ಗೊತ್ತಿರುವ ಪರೀಕ್ಷೆಯೂ ಒಂದು ಪರೀಕ್ಷೆಯೇ ಎಂದು ಮೂಗು ಮುರಿಯುವವರಿಗೆ ಇತಿಹಾಸವೇ ಉತ್ತರ ಹೇಳುತ್ತದೆ. 1901ರ ಡಿಸೆಂಬರ್ 12ರಂದು ಮಾರ್ಕೋನಿ ನ್ಯೂಫೌಂಡ್‌ಲ್ಯಾಂಡಿನ ಸಿಗ್ನಲ್ ಹಿಲ್ ಮೇಲೆ, ಅದೂ ಬೆಟ್ಟವೇ, ಗಾಳಿಪಟಕ್ಕೆ ತಂತಿ ಕಟ್ಟಿ ಕಿವಿಗೆ ರಿಸೀವರ್ ಹಿಡಿದು ಕೂತ. ಅಟ್ಲಾಂಟಿಕ್ ಆಚೆ ಕಾರ್ನ್‌ವಾಲಿನಿಂದ ಮೂರು ಚುಕ್ಕೆ, ಮೋರ್ಸ್ ಲಿಪಿಯ ‘ಎಸ್’, ಬರಬೇಕೆಂದು ಮೊದಲೇ ಮಾತಾಗಿತ್ತು. ಮೂರು ಚುಕ್ಕೆ ಕೇಳಿಸಿತು ಎಂದ. ಅವನಿಗೆ ಕೇಳಿಸಿದ್ದು ಸಿಗ್ನಲ್ಲೋ ಸಿಡಿಲಿನ ಚಟಪಟವೋ ಎಂದು ತಜ್ಞರು ಇನ್ನೂ ಜಗಳವಾಡುತ್ತಿದ್ದಾರೆ. ಈ ಜಗಳದಲ್ಲಿ ಕಾರ್ನ್‌ವಾಲಿನ ಯಂತ್ರಕ್ಕಿಂತ ಸಿಗ್ನಲ್ ಹಿಲ್‌ನ ಕಿವಿಯನ್ನೇ ಹೆಚ್ಚು ಸಂಶಯಿಸುತ್ತಿದ್ದಾರೆ. ಕಳಿಸಿದವನ ಸೈಡ್ ಯಾವತ್ತಿದ್ದರೂ ಓಕೆ.

ಈಗ ಪೂರ್ವಪಕ್ಷ. ಎರಡೂ ಕಡೆಯವರು ‘ನಮ್ ಸೈಡ್ ಓಕೆ’ ಎಂದರೆ? ಎರಡು ಲೂಪೂ ಪಾಸಾಗಿ ಲಿಂಕ್ ಮಾತ್ರ ಮಲಗಿದ್ದರೆ? ಆಕ್ಷೇಪ ಗಟ್ಟಿಯಾಗಿದೆ, ಸಮಾಧಾನ ಅದಕ್ಕಿಂತ ಗಟ್ಟಿ. ಆಗ ದೋಷ ನಡುವಿನ ಆಕಾಶದ್ದು. ಅಲೆ ನೂಲಿನಂತೆ ಸಪೂರವಾಗಿ ಹೋಗುವುದಿಲ್ಲ, ನಡುವೆ ಹೊಟ್ಟೆ ಬಿಟ್ಟ ಸೌತೆಕಾಯಿಯಂತೆ ಹರಡಿ ಹೋಗುತ್ತದೆ. ಈ ಸೌತೆಕಾಯಿಗೆ ಫ್ರೆನೆಲ್ ವಲಯ ಎಂದು ಹೆಸರು. ಫ್ರೆನೆಲ್ ತೀರಿಕೊಂಡದ್ದು 1827ರಲ್ಲಿ, ರೇಡಿಯೊ ಎಂಬ ಮಾತೇ ಇಲ್ಲದ ಕಾಲ. ಹಾಗಾಗಿ ಅವನ ಸೈಡೂ ಓಕೆ. 5.8 ಗಿಗಾಹರ್ಟ್ಸ್‌ನಲ್ಲಿ 10 ಕಿಲೋಮೀಟರ್ ಲಿಂಕಿನ ಮಧ್ಯದಲ್ಲಿ ಈ ವಲಯದ ತ್ರಿಜ್ಯ 11 ಮೀಟರಿಗೆ ಸ್ವಲ್ಪ ಹೆಚ್ಚು; ಅದರಲ್ಲಿ ಶೇಕಡ 60ರಷ್ಟಾದರೂ ಖಾಲಿ ಇರಬೇಕೆಂಬುದು ರೂಢಿ. ಸಕಲೇಶಪುರದ ಕಡೆಯ ಕಾಫಿ ತೋಟದ ಸಿಲ್ವರ್ ಓಕ್ ಮರಕ್ಕೆ ಈ ರೂಢಿ ಗೊತ್ತಿಲ್ಲ. ಬೇಸಿಗೆಯಲ್ಲಿ ಲಿಂಕ್ ಹಾಕಿದಾಗ ಅದು ತಗ್ಗಿನಲ್ಲಿತ್ತು, ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಸೌತೆಕಾಯಿಯ ಹೊಟ್ಟೆಗೆ ತಲೆ ತೂರಿಸಿತು. ಒದ್ದೆ ಎಲೆ ಸಿಗ್ನಲ್ ನುಂಗುತ್ತದೆ. ಜನ ಮಾತ್ರ ‘ಮಳೆ ಸಾರ್’ ಎಂದು ಮಳೆಯನ್ನೇ ಬೈಯುತ್ತಾರೆ. 10 ಗಿಗಾಹರ್ಟ್ಸ್‌ಗಿಂತ ಕೆಳಗೆ ಬರೀ ಮಳೆಹನಿಯ ಉಪದ್ರವ ಕಡಿಮೆ. 18, 23ರ ಲಿಂಕಾದರೆ ಆ ಬೈಗುಳ ನ್ಯಾಯ. ಮಳೆಯಾಗಲಿ ಮರವಾಗಲಿ ವಾಪಸು ಫೋನ್ ಮಾಡಿ ‘ನಮ್ ಸೈಡ್ ಓಕೆ’ ಎನ್ನುವುದಿಲ್ಲವಾದ್ದರಿಂದ ಸಿದ್ಧಾಂತಕ್ಕೆ ಬಾಧೆಯಿಲ್ಲ.

ಎರಡನೆಯ ಆಕ್ಷೇಪ ಕೊಂಚ ಮುಜುಗರದ್ದು. ಕೆಲವೊಮ್ಮೆ ದೋಷ ಈಚೆ ಕಡೆಯೇ ಸಿಗುತ್ತದೆ. ಡಿಶ್ಶಿನ ಹಿಂದಿನ ಕನೆಕ್ಟರ್ ಬಿಚ್ಚಿದರೆ ಒಳಗಿನಿಂದ ಒಂದು ಚಮಚ ನೀರು ಬೀಳುತ್ತದೆ, ಹಿತ್ತಾಳೆ ಪಿನ್ನಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಅಷ್ಟಕ್ಕೇ ಸಿದ್ಧಾಂತ ಕುಸಿಯಿತು ಎನ್ನುವವರು ಒಂದು ಸಣ್ಣ ಪ್ರಶ್ನೆ ಮರೆಯುತ್ತಾರೆ: ನೀರು ಎಲ್ಲಿಂದ ಬಂತು? ಹೊರಗಿನಿಂದ.

ಈ ತತ್ತ್ವವನ್ನು ಕೆಲಸಗಳ್ಳರ ಉಪಾಯ ಎಂದು ಹಳಿಯುವವರೂ ಉಂಟು. ಅವರಿಗೆ ಪರಂಪರೆಯ ಅರಿವಿಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಕಾರ್ಲ್ ಜಾನ್ಸ್ಕಿಗೆ ರೇಡಿಯೊ ಟೆಲಿಫೋನಿನ ಗೊರಗೊರ ಎಲ್ಲಿಂದ ಬರುತ್ತದೆ ಪತ್ತೆ ಮಾಡು ಎಂದರು. ಫೋರ್ಡ್ ಕಾರಿನ ಚಕ್ರಗಳ ಮೇಲೆ ಆಂಟೆನಾ ಕೂರಿಸಿ ತಿರುಗಿಸುತ್ತ ಆತ ಹುಡುಕಿದ. ಹತ್ತಿರದ ಗುಡುಗು, ದೂರದ ಗುಡುಗು ಕಳೆದ ಮೇಲೂ ಉಳಿದ ಸಣ್ಣ ಸಿಳ್ಳು ದಿನಕ್ಕೆ ನಾಲ್ಕು ನಿಮಿಷ ಬೇಗ ಬರುತ್ತಿತ್ತು, ನಕ್ಷತ್ರಗಳ ಹಾಗೆ. ದೋಷ ಆಕಾಶಗಂಗೆಯದು ಎಂದು 1933ರಲ್ಲಿ ಘೋಷಿಸಿದ. ಕಂಪನಿ ಅವನನ್ನು ಬೇರೆ ಕೆಲಸಕ್ಕೆ ಹಾಕಿತು. ಕಂಪ್ಲೇಂಟ್ ಕ್ಲೋಸ್ ಆದಂತೆ. ಅದೇ ಸಂಸ್ಥೆಯ ಪೆಂಜಿಯಾಸ್ ಮತ್ತು ವಿಲ್ಸನ್ 1964ರಲ್ಲಿ ಇನ್ನೊಂದು ಗೊರಗೊರದ ಬೆನ್ನು ಹತ್ತಿದರು. ಆಂಟೆನಾವನ್ನು ಯಾವ ಕಡೆ ತಿರುಗಿಸಿದರೂ ಸುಮಾರು 3.5 ಕೆಲ್ವಿನ್‌ನಷ್ಟು ಗದ್ದಲ ಹೆಚ್ಚು. ಕೊಂಬಿನಾಕಾರದ ಆ ಆಂಟೆನಾದೊಳಗೆ ಪಾರಿವಾಳ ಸಂಸಾರ ಹೂಡಿದ್ದವು. ಹಿಕ್ಕೆ ಕೆರೆದರು, ಒರೆಸಿದರು, ಕೀಲುಗಳಿಗೆ ಪಟ್ಟಿ ಅಂಟಿಸಿದರು. ಗದ್ದಲ ಕದಲಲಿಲ್ಲ. ಕೊನೆಗೆ ದೋಷವನ್ನು ವಿಶ್ವದ ಆರಂಭಕ್ಕೆ ಕಟ್ಟಲಾಯಿತು, 1978ರಲ್ಲಿ ನೊಬೆಲ್ ಬಂತು. ‘ನಮ್ ಸೈಡ್ ಓಕೆ’ ಎಂಬ ಮಾತು ಇದಕ್ಕಿಂತ ಆಚೆ ಹೋಗಲು ಜಾಗವಿಲ್ಲ. ಪಾರಿವಾಳಗಳನ್ನು ಅವರು ಹಿಡಿದು, ಪೆಟ್ಟಿಗೆಯಲ್ಲಿಟ್ಟು, ಬೇರೆ ಊರಿಗೆ ಕಳಿಸಿದ್ದರು. ಅಲ್ಲಿ ಬಿಟ್ಟೊಡನೆ ಅವು ಅದೇ ಆಂಟೆನಾಕ್ಕೆ ಹಾರಿ ಬಂದವು. ರಿಮೋಟ್ ಲೂಪ್, ನಷ್ಟ ಸೊನ್ನೆ, ಪಾಸ್.