ಹಾಲುತುಪ್ಪದ ದಿನದ ಸಾಂತ್ವನ

(ಹಾರೋಹಳ್ಳಿ. ಹಾಲುತುಪ್ಪ ಬಿಟ್ಟು ಬಂದ ಮಧ್ಯಾಹ್ನ. ಜಗುಲಿ ಮೇಲೆ ಗೆಳೆಯರಿಬ್ಬರು.)

“ಅಪ್ಪಯ್ಯ ದೇವ್ರಂಥೋರು ಕಣ್ಲಾ. ಅಂದಂಗೆ, ಕೈಗಾರಿಕಾ ಪ್ರದೇಶದ ಪಕ್ಕದ ಹೊಲ ಯಾರ ಹೆಸ್ರಲ್ಲದೆ?”

“ಅಪ್ಪಂದೇ.”

“ಅಯ್ಯೋ ಪಾಪ!” (ಬಂದಾಗಿನಿಂದ ಇದೊಂದೇ ನಿಜವಾದ ಮರುಕ.) “21 ದಿನದೊಳಗೆ ಮರಣ ನೋಂದಣಿ ಮಾಡ್ಸು, ಆಮೇಲೆ ಪೌತಿ ಖಾತೆ. ಅಕ್ಕ-ತಂಗೀರು?”

“ಒಳಗೆ ಅಳ್ತಾವ್ರೆ.”

“ಅಳೋವಾಗ್ಲೇ ಸಹಿ ಹಾಕಿಸ್ಕೊ. 2005ರಿಂದ ಅವ್ರಿಗೂ ಸಮಪಾಲು. ಕಣ್ಣೊರೆಸ್ಕಂಡ್ರೆ ಪಹಣಿ ಕಾಣ್ತದೆ.”

“ಅಪ್ಪ ಹುಟ್ಟಿದ್ದು ಬೆಂಗಳೂರು ಜಿಲ್ಲೆ. 1986ರಲ್ಲಿ ಗ್ರಾಮಾಂತರ, 2007ರಲ್ಲಿ ರಾಮನಗರ, ಈಗ ಸತ್ತಿದ್ದು ಬೆಂಗಳೂರು ದಕ್ಷಿಣ. ಮನೆ ಬಿಟ್ಟು ಕದಲ್ಲಿಲ್ಲ ಕಣೋ...”

“ಪುಣ್ಯವಂತ್ರು! ಜಿಲ್ಲೆ ಬದಲಾದಂಗೆಲ್ಲಾ ಎಕರೆ ರೇಟು ಏರಿಸ್ಕಂಡೇ ಹೋದ್ರು.”

“ತಿಥಿಗೆ ಬರ್ತೀಯೇನ್ಲಾ?”

“ಬರ್ದೆ ಇರ್ತೀನಾ? ಪಾರ್ಟೀನೂ ಕರ್ಕೊಂಡ್ ಬರ್ತೀನಿ. ಉಂಡ್ಕಂಡು, ಹಂಗೇ ಜಾಗ ನೋಡ್ಕಂಡ್ ಹೋಗ್ಲಿ.”