ಪ್ಲಸ್ ಸಿ

ಇಂಜಿನಿಯರಿಂಗ್ ಕಾಲೇಜಿನ ಮೊದಲ ಸೆಮಿಸ್ಟರಿನಲ್ಲಿ ಕಲಿಸುವ ಅನ್ವಯಿಕ ಕಲನಶಾಸ್ತ್ರಕ್ಕೆ ಕಾಗದದ ಮೇಲೆ ಉದ್ದದ ಹೆಸರಿದೆ. ಬಾಯಲ್ಲಿ ಅದು ಎಂ-ಒನ್. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಬೆಳಗಾವಿಯಲ್ಲಿ ಶುರುವಾದಂದಿನಿಂದ ಪಠ್ಯಕ್ರಮ ಹಲವು ಸಲ ಬದಲಾಗಿದೆ, ವಿಷಯದ ಸಂಕೇತಗಳೂ ಬದಲಾಗಿವೆ. ಎಂ-ಒನ್ ಮಾತ್ರ ಅಲ್ಲಾಡಿಲ್ಲ. ಹೊಸಪೇಟೆ–ಬಳ್ಳಾರಿ ರಸ್ತೆಯ ಪಾಪಿನಾಯಕನಹಳ್ಳಿಯದೂ ಇದೇ ಕಥೆ: ಬೋರ್ಡಿನಲ್ಲಿ ಪೂರ್ತಿ ಹೆಸರು, ಟಿಕೆಟ್ ಕೇಳುವಾಗ ಪಿ.ಕೆ. ಹಳ್ಳಿ. ಅಲ್ಲಿನ ಹುಡುಗನೊಬ್ಬ ಎಂ-ಒನ್ ಕಲಿಯಲು ಹೊಸಪೇಟೆಗೋ ಬಳ್ಳಾರಿಗೋ ಬಸ್ಸು ಹತ್ತುವುದೆಂದರೆ ಒಂದು ಮೋಟು ಹೆಸರು ಇನ್ನೊಂದನ್ನು ಹುಡುಕಿಕೊಂಡು ಹೊರಟ ಹಾಗೆ.

‘ಅನ್ವಯಿಕ’ ಎಂಬ ಮಾತು ಪಠ್ಯಪುಸ್ತಕದಲ್ಲಿ ಸೀಮಿತ ಅರ್ಥದ್ದು. ಗೋಡೆಗೆ ಒರಗಿಸಿದ ಏಣಿ ಜಾರುತ್ತದೆ. ಶಂಕುವಿನಾಕಾರದ ಪಾತ್ರೆಗೆ ಯಾರೋ ನೀರು ಸುರಿಯುತ್ತಾರೆ. ತೊಟ್ಟಿಯೊಂದು ಒಂದು ಕಡೆಯಿಂದ ತುಂಬುತ್ತಲೇ ಇನ್ನೊಂದು ಕಡೆಯಿಂದ ಸೋರುತ್ತದೆ. ಸೋರುವ ತೊಟ್ಟಿಗೆ ನೀರು ಬಿಡುವವರು ಯಾರೆಂದು ಬೇರೆ ಊರಿನ ವಿದ್ಯಾರ್ಥಿಗಳು ನಗಬಹುದು. ಹೊಸಪೇಟೆ ಸೀಮೆಯವರು ನಗುವುದಿಲ್ಲ. ತುಂಗಭದ್ರಾ ಜಲಾಶಯವೆಂಬ, 33 ಗೇಟುಗಳ ಅಂಥದೇ ಒಂದು ತೊಟ್ಟಿಯ ಮೇಲೆ ಕಂಪ್ಲಿಯ ಭತ್ತ, ರಾಯಚೂರು ಕಡೆಯ ಕಾಲುವೆ, ಆಂಧ್ರದ ಪಾಲು ಎಲ್ಲವೂ ನಿಂತಿವೆ.

ಪುಸ್ತಕದ ಮೊದಲ ಅಧ್ಯಾಯ ಮಿತಿ. ಒಂದು ಬೆಲೆ ಇನ್ನೊಂದಕ್ಕೆ ಎಷ್ಟು ಬೇಕಾದರೂ ಹತ್ತಿರ ಬರುತ್ತದೆ, ಆದರೆ ತಲುಪಲೇಬೇಕೆಂದಿಲ್ಲ. ಅದಿರಿನ ಗೂಡ್ಸು ಮುಂದೆ ಹೋಗಲೆಂದು ಸ್ಟೇಷನ್ನಿನ ಹೊರಗೆ ಸಿಗ್ನಲ್ಲಿಗೆ ನಿಂತ ಪ್ಯಾಸೆಂಜರ್ ರೈಲಿನಲ್ಲಿ ಕೂತವರಿಗೆ ಈ ಅಧ್ಯಾಯವನ್ನು ಬೇರೆಯಾಗಿ ಬೋಧಿಸಬೇಕಿಲ್ಲ. ಅಂಶ, ಛೇದ ಎರಡೂ ಒಟ್ಟಿಗೆ ಸೊನ್ನೆಯಾಗಿ ಲೆಕ್ಕ ಮೂರ್ಛೆ ಹೋದಾಗ ಬಳಸುವ ಸೂತ್ರವನ್ನು ವಿದ್ಯಾರ್ಥಿಗಳು ‘ಹಾಸ್ಪಿಟಲ್ ರೂಲ್’ ಎನ್ನುತ್ತಾರೆ. ಫ್ರೆಂಚ್ ಶ್ರೀಮಂತ ಲೋಪಿತಾಲ್ 1696ರ ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿದ ನಿಯಮ ಇದು. ಕಂಡುಹಿಡಿದವನು ಅವನಲ್ಲ, ಅವನ ಮೇಷ್ಟ್ರು ಯೋಹಾನ್ ಬರ್ನೂಲಿ. ಹೊಸ ಶೋಧಗಳನ್ನು ತನಗೇ ತಿಳಿಸಬೇಕೆಂದು ಲೋಪಿತಾಲ್ 1694ರಲ್ಲಿ ಆತನಿಗೆ ವರ್ಷಾಶನ ಗೊತ್ತುಮಾಡಿದ್ದ. ಕಲನಶಾಸ್ತ್ರಕ್ಕೂ ಟ್ಯೂಷನ್ ಫೀಸಿಗೂ ಇರುವ ನಂಟು ಆಗಿನಿಂದಲೇ ಗಟ್ಟಿ.

ಎರಡನೆಯದು ಅವಕಲನ, ಹಾಸ್ಟೆಲಿನ ಭಾಷೆಯಲ್ಲಿ ‘ಡಿಫರೆನ್ಸಿಯೇಟ್ ಹೊಡಿ’. ಬದಲಾಗುತ್ತಿರುವ ವಸ್ತು ಈ ಕ್ಷಣದಲ್ಲಿ ಯಾವ ವೇಗದಲ್ಲಿ ಬದಲಾಗುತ್ತಿದೆ ಎಂಬುದೇ ಇದರ ಪ್ರಶ್ನೆ. 1114ರಲ್ಲಿ ಹುಟ್ಟಿದ ಎರಡನೆಯ ಭಾಸ್ಕರಾಚಾರ್ಯರು 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಗ್ರಹಗಳ ‘ತಾತ್ಕಾಲಿಕ ಗತಿ’ಯನ್ನು ಲೆಕ್ಕ ಹಾಕುವಾಗ ಇದೇ ಪ್ರಶ್ನೆಯ ಅಂಚಿಗೆ ಬಂದಿದ್ದರು. ಅವರ ಹುಟ್ಟೂರು ವಿಜಯಪುರವೋ ಮಹಾರಾಷ್ಟ್ರದ ಇನ್ಯಾವುದೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಎಂ-ಒನ್ ಉಳಿಸಿಕೊಂಡ ವಿದ್ಯಾರ್ಥಿ ಮಾತ್ರ ಈ ಜಗಳದಲ್ಲಿ ಮಹಾರಾಷ್ಟ್ರದ ಪರ.

ಈ ಅಧ್ಯಾಯದಲ್ಲೇ ಬರುವ ರೋಲ್‌ನ ಪ್ರಮೇಯಕ್ಕೆ ಬಸ್ಸೇ ಒಳ್ಳೆಯ ಉದಾಹರಣೆ. ನೆಟ್ಟಗಿನ ದಾರಿಯಲ್ಲಿ ಹೊರಟು, ಹೊರಟ ಜಾಗಕ್ಕೇ ಮರಳುವ ಯಾವುದೇ ಬಸ್ಸಿನ ವೇಗ ನಡುವೆ ಎಲ್ಲೋ ಒಂದು ಕಡೆ ಸೊನ್ನೆಯಾಗಲೇಬೇಕು. ಪುಸ್ತಕ ಇಷ್ಟಕ್ಕೆ ಸುಮ್ಮನಾಗುತ್ತದೆ. ಎಲ್ಲಿ ಸೊನ್ನೆಯಾಗುತ್ತದೆ, ಅಲ್ಲಿ ಮಿರ್ಚಿ-ಮಂಡಕ್ಕಿ ಸಿಗುತ್ತದೆಯೇ ಎಂಬುದನ್ನು ವಿದ್ಯಾರ್ಥಿಯೇ ಕಂಡುಕೊಳ್ಳಬೇಕು.

ಅವಕಲನದಲ್ಲಿ ನಿಜಕ್ಕೂ ಅನ್ವಯಿಕವಾದ ಲೆಕ್ಕವೆಂದರೆ ರಾಶಿಯದು. ಪಠ್ಯಪುಸ್ತಕದಲ್ಲಿ ಅದು ಮರಳಿನ ರಾಶಿ. ಸಂಡೂರಿನ ಗುಡ್ಡಗಳ ಬುಡದಲ್ಲಿರುವ ಊರುಗಳಲ್ಲಿ ಅದಿರಿನ ರಾಶಿ. ಮೇಲಿನಿಂದ ಒಂದೇ ಸಮ ಸುರಿಯುವ ಪುಡಿ ಶಂಕುವಾಗಿ ನಿಲ್ಲುತ್ತದೆ, ಅದರ ಇಳಿಜಾರಿನ ಕೋನ ಬದಲಾಗುವುದಿಲ್ಲ. ಹೀಗಾಗಿ ಎತ್ತರ ಎರಡರಷ್ಟಾಗಲು ಎಂಟರಷ್ಟು ಅದಿರು ಬೇಕು. ಮೊದಲ ಮೀಟರಿಗೆ ಒಂದು ನಿಮಿಷ ಹಿಡಿದರೆ ಎರಡನೆಯ ಮೀಟರಿಗೆ ಏಳು, ಮೂರನೆಯದಕ್ಕೆ ಹತ್ತೊಂಬತ್ತು. ಇದನ್ನು ಸಾಧಿಸಿ ತೋರಿಸಲು ವಿದ್ಯಾರ್ಥಿಗೆ ಅರ್ಧ ಪುಟ ಬೇಕು, ನಡುವೆ ಒಂದು ಕಡೆ ‘ಪೈ’ ಬಿಟ್ಟುಹೋಗುತ್ತದೆ. ಸ್ಟಾಕ್ ಯಾರ್ಡಿನ ಲೋಡರ್ ಚಾಲಕ ಅದನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾನೆ: ‘ಇದರ ಮ್ಯಾಲೆ ಎಷ್ಟು ಏರ್ಸತಿ, ಬಾಜೂಕ ಇನ್ನೊಂದು ಗುಡ್ಡಿ ಹಾಕು.’

ಗರಿಷ್ಠ-ಕನಿಷ್ಠ ಎಂಬ ಭಾಗವನ್ನು ವಿದ್ಯಾರ್ಥಿಗಳು ಪಾಠಕ್ಕೆ ಮೊದಲೇ ಕರಗತ ಮಾಡಿಕೊಂಡಿರುತ್ತಾರೆ. 2022ರ ಪಠ್ಯಕ್ರಮದ ಪ್ರಕಾರ ಒಳ ಅಂಕ 50ರಲ್ಲಿ ಕನಿಷ್ಠ 20, ಸೆಮಿಸ್ಟರ್ ಪರೀಕ್ಷೆಯ 50ರಲ್ಲಿ ಕನಿಷ್ಠ 18, ಎರಡೂ ಕೂಡಿ 40 ಆಗಬೇಕು. ಹಾಜರಾತಿ ನೂರಕ್ಕೆ 85. ಅಂದರೆ ಒಳ ಅಂಕ 22 ಇದ್ದರೆ ಪರೀಕ್ಷೆಯಲ್ಲಿ 18 ಸಾಕು, 20 ಇದ್ದರೆ 20 ಬೇಕು. ಇಷ್ಟು ಕಟ್ಟುಪಾಡುಗಳೊಳಗೆ ಓದಿನ ಕನಿಷ್ಠ ಬಿಂದುವನ್ನು ಹುಡುಕುವುದು ಗಣಿತಜ್ಞ ಲಗ್ರಾಂಜ್ ಮಾಡಿಟ್ಟ ಲೆಕ್ಕಗಳಿಗಿಂತ ಸುಲಭವೇನಲ್ಲ. ಆದರೂ ತರಗತಿಯ ಹಿಂದಿನ ಬೆಂಚು ಅದನ್ನು ಪೆನ್ನು ಮುಟ್ಟದೆ ಬಿಡಿಸುತ್ತದೆ.

ಅನುಕಲನವೆಂದರೆ ಕೂಡುವುದು. ಅದರ ಉದ್ದನೆಯ ಕೊಕ್ಕೆಯಂಥ ಚಿಹ್ನೆ 1675ರಲ್ಲಿ ಲೈಬ್ನಿಟ್ಸ್ ಎಳೆದು ಉದ್ದ ಮಾಡಿದ ‘ಎಸ್’ ಅಕ್ಷರ. ಇಲ್ಲಿ ವಿದ್ಯಾರ್ಥಿಗಳ ಪರಂಪರಾಗತ ತಪ್ಪು ಕೊನೆಯಲ್ಲಿ ‘ಪ್ಲಸ್ ಸಿ’ ಬರೆಯದೆ ಬಿಡುವುದು. ಅಧ್ಯಾಪಕರು ಅರ್ಧ ಅಂಕ ಕಳೆಯುತ್ತಾರೆ. ಅರ್ಧ ಅಂಕಕ್ಕೆ ಇಷ್ಟೇಕೆ ಎಂದು ವಿದ್ಯಾರ್ಥಿ ಗೊಣಗುತ್ತಾನೆ. ಆದರೆ ಆ ಸಿ ಏನೆಂಬುದು ಅವನ ಊರಿನ ಹೋಟೆಲಿನಲ್ಲಿ ಮಳೆಗಾಲದ ಪ್ರತಿ ಬೆಳಿಗ್ಗೆ ಚರ್ಚೆಯಾಗುವ ವಿಷಯ. ಪತ್ರಿಕೆಯ ಮೂಲೆಯ ಚೌಕದಲ್ಲಿ ತುಂಗಭದ್ರಾ ಜಲಾಶಯದ ಒಳಹರಿವು, ಹೊರಹರಿವು, ಸಂಗ್ರಹ ಇರುತ್ತವೆ. ಮೊದಲೆರಡು ಕ್ಯೂಸೆಕ್ಸ್‌ನಲ್ಲಿ, ಅಂದರೆ ವೇಗ. ಮೂರನೆಯದು ಟಿಎಂಸಿ ಅಡಿಯಲ್ಲಿ, ಅಂದರೆ ಮೊತ್ತ. 11,574 ಕ್ಯೂಸೆಕ್ಸ್ ನೀರು ಇಪ್ಪತ್ನಾಲ್ಕು ಗಂಟೆ ಹರಿದರೆ ಒಂದು ಟಿಎಂಸಿ ಅಡಿ. ಒಳಹರಿವಿನಿಂದ ಹೊರಹರಿವನ್ನು ಕಳೆದು ದಿನದಿನವೂ ಕೂಡುತ್ತ ಹೋಗುವವನು ಅನುಕಲನವನ್ನೇ ಮಾಡುತ್ತಿದ್ದಾನೆ. ಆದರೆ ಜೂನ್ ಒಂದರಂದು ಡ್ಯಾಮಿನಲ್ಲಿ ಎಷ್ಟಿತ್ತು ಎಂಬುದು ಗೊತ್ತಿಲ್ಲದಿದ್ದರೆ ಎಷ್ಟು ಕೂಡಿದರೂ ಇವತ್ತು ಎಷ್ಟಿದೆ ಎಂದು ಹೇಳಲಾಗದು. ಆ ಜೂನ್ ಒಂದರ ನೀರೇ ಸಿ.

ಹೊಸಪೇಟೆಯ ಸಿ ಸ್ವಲ್ಪ ತಂಟೆಕೋರ ಸ್ವಭಾವದ್ದು: ಅದನ್ನು ಹಿಡಿದಿಡುವ ಪಾತ್ರೆಯ ಅಳತೆಯೇ ಬದಲಾಗುತ್ತದೆ. 1953ರಲ್ಲಿ ಅಣೆಕಟ್ಟು ಮುಗಿದಾಗ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಹೂಳು ತುಂಬುತ್ತ ಬಂದು 2008ರ ಸಮೀಕ್ಷೆಯ ಹೊತ್ತಿಗೆ ಅದು 100.855ಕ್ಕೆ ಇಳಿಯಿತು. 2016ರ ಸಮೀಕ್ಷೆಯಲ್ಲಿ 105.788 ಆಯಿತು. ಇಳಿಯುವ ರೇಖೆಯೊಂದು ನಡುವೆ ಹೀಗೆ ತಲೆ ಎತ್ತಿದರೆ ಎಂ-ಒನ್ ವಿದ್ಯಾರ್ಥಿ ಅಲ್ಲೊಂದು ಕನಿಷ್ಠ ಬಿಂದು ಇದೆಯೆಂದು ಬರೆದು ಎರಡು ಗೆರೆ ಎಳೆಯುತ್ತಾನೆ. ಆದರೆ ಎಂಟು ವರ್ಷದಲ್ಲಿ ಕರಗಿದ್ದು ಹೂಳಲ್ಲ, ಬದಲಾದದ್ದು ಅಳತೆ. ಅನ್ವಯಿಕ ಗಣಿತದ ಪುಸ್ತಕಗಳಲ್ಲಿ ಇದಕ್ಕೊಂದು ಅಧ್ಯಾಯವಿಲ್ಲದಿರುವುದು ಲೋಪವೇ.

ಕೊನೆಯ ಭಾಗ ಅವಕಲ ಸಮೀಕರಣ. ಬದಲಾವಣೆಯ ವೇಗ ಆ ಹೊತ್ತಿಗೆ ಎಷ್ಟು ಉಳಿದಿದೆ ಎಂಬುದರ ಮೇಲೇ ನಿಂತಿರುವ ಸಂದರ್ಭಗಳು ಇವು. ನ್ಯೂಟನ್ನನ ತಣಿಯುವ ನಿಯಮ ಎಲ್ಲ ಪಠ್ಯಕ್ರಮಗಳ ನೆಚ್ಚಿನ ಲೆಕ್ಕ: ಬಿಸಿ ವಸ್ತು ಕೋಣೆಗಿಂತ ಎಷ್ಟು ಹೆಚ್ಚು ಬಿಸಿಯೋ ಅಷ್ಟು ಬೇಗ ತಣಿಯುತ್ತದೆ. ಪುಸ್ತಕದ ಕೋಣೆ 25 ಡಿಗ್ರಿಯದು. ಅಲ್ಲಿ 85 ಡಿಗ್ರಿಯ ಚಹಾ 55ಕ್ಕೆ ಇಳಿಯಲು 10 ನಿಮಿಷ ಎಂದಿಟ್ಟುಕೊಂಡರೆ, ಹೊಸಪೇಟೆಯ ಏಪ್ರಿಲ್ಲಿನ 40 ಡಿಗ್ರಿಯಲ್ಲಿ ಅದೇ ಚಹಾಕ್ಕೆ ಸುಮಾರು 16 ನಿಮಿಷ ಬೇಕು. ಕಾಲೇಜಿನ ಬಸ್ಸು ತಪ್ಪಲು ಆ ಆರು ನಿಮಿಷ ಧಾರಾಳ. ಬಸಿಗೆ ಸುರಿದು ಕುಡಿಯುವವರು ಸಮೀಕರಣದ ‘ಕೆ’ ಎಂಬ ಸ್ಥಿರಾಂಕವನ್ನೇ ಬದಲಿಸಿಬಿಡುತ್ತಾರೆ. ಪುಸ್ತಕದವರಿಗೆ ಬಸಿ ಗೊತ್ತಿಲ್ಲ.

ಈ ಭಾಗದ ದೊಡ್ಡ ಪ್ರಯೋಗ ನಡೆದದ್ದು 2024ರ ಆಗಸ್ಟ್ 10ರ ರಾತ್ರಿ. ತುಂಬಿ ನಿಂತಿದ್ದ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. 60 ಅಡಿ ಅಗಲ, 20 ಅಡಿ ಎತ್ತರದ ಆ ಕಿಂಡಿಯೊಂದರಿಂದಲೇ ಸುಮಾರು 35 ಸಾವಿರ ಕ್ಯೂಸೆಕ್ಸ್. ಇಂಥ ಹೊತ್ತಿನಲ್ಲಿ ಎಂ-ಒನ್ ಓದಿದವನೊಬ್ಬ ಹೋಟೆಲಿನಲ್ಲಿ ಸಿಕ್ಕರೆ ಊರು ಅವನನ್ನು ಬಿಡುವುದಿಲ್ಲ: ‘ಇಂಜಿನಿಯರ್ ಅಲ್ಲೇನಪ, ಎಷ್ಟು ದಿನಕ್ಕ ಖಾಲಿ ಆಗ್ತೈತಿ ಹೇಳು.’ ಅವನು ದಿನಕ್ಕೆ ಮೂರು ಟಿಎಂಸಿ ಎಂದು ಹಿಡಿದು, 105ನ್ನು ಮೂರರಿಂದ ಭಾಗಿಸಿ, 35 ದಿನ ಎನ್ನುತ್ತಾನೆ. ಮೂಲೆಯ ಬೆಂಚಿನಿಂದ ಮುದುಕನೊಬ್ಬ ಬೀಡಿ ಕೆಳಗಿಟ್ಟು ಕೇಳುತ್ತಾನೆ: ‘ನೀರು ಇಳದಂಗ ಇಳದಂಗ ಜೋರು ಕಮ್ಮಿ ಆಗದಿಲ್ಲೇನು? ಮತ್ತ ಗೇಟು ಇರಾದು ಮ್ಯಾಲೆ. ತಳದಾಗಿನ ನೀರು ಹೆಂಗ ಹೊಕ್ಕೈತಿ?’ ಮೊದಲನೆಯದು ಅವಕಲ ಸಮೀಕರಣ, ಎರಡನೆಯದು ಗಡಿ ನಿಬಂಧನೆ. ಪರೀಕ್ಷೆಯಲ್ಲಿ ಎರಡಕ್ಕೂ ಸೇರಿ ಏಳೆಂಟು ಅಂಕ. ಗೇಟಿನ ಬುಡದವರೆಗೆ ನೀರಿಳಿಸಲು 60ಕ್ಕೂ ಹೆಚ್ಚು ಟಿಎಂಸಿ ಹೊರಬಿಡಬೇಕಾದೀತೆಂಬುದು ಆಗಿನ ಅಂದಾಜು. ಅಷ್ಟು ಕಾಯದೆ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಆಗಸ್ಟ್ 16–17ರಂದು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟು ಇಳಿಸಿತು. ಹೋಟೆಲಿನ ಲೆಕ್ಕ ಅರ್ಧಕ್ಕೇ ನಿಂತಿತು.

ಪರೀಕ್ಷೆ ಮೂರು ಗಂಟೆಯದು. ಐದು ಮಾಡ್ಯೂಲ್, ಒಂದೊಂದರಲ್ಲೂ ಎರಡು ಪ್ರಶ್ನೆ, ಎರಡರಲ್ಲಿ ಒಂದಕ್ಕೆ ಉತ್ತರ. ಮೊದಲ ಮಾಡ್ಯೂಲಿನಲ್ಲಿ ಕಾರ್ಡಿಯಾಯ್ಡ್ ಎಂಬ ಹೃದಯಾಕಾರದ ವಕ್ರರೇಖೆ ಬರುತ್ತದೆ, ಅದನ್ನು ಅಂದವಾಗಿ ಬರೆಯಲು ಹೋಗಿ ಇಪ್ಪತ್ತು ನಿಮಿಷ ಕಳೆದುಕೊಂಡವರಿದ್ದಾರೆ. ಫಲಿತಾಂಶ ಮೊಬೈಲಿಗೆ ಬರುತ್ತದೆ. ಪಾಸಾದರೆ ‘ಎಂ-ಒನ್ ಕ್ಲಿಯರ್ ಆತು’, ಇಲ್ಲದಿದ್ದರೆ ‘ಎಂ-ಒನ್ ಬಿತ್ತು’: ಬಿದ್ದದ್ದು ವಿಷಯ, ವಿದ್ಯಾರ್ಥಿಯಲ್ಲ. ಬಿದ್ದ ಎಂ-ಒನ್ ಅನ್ನು ಮುಂದಿನ ಸೆಮಿಸ್ಟರಿನ ಎಂ-ಟು ಜೊತೆಗೆ ಕೂಡಿಸಿ ಬರೆಯಲು ಅವಕಾಶವಿದೆ.