ಬಣ್ಣ ಹಚ್ಚೂದು ಸಸಾರ, ಬಿಡಸೂದು?

ಬೈಲಹೊಂಗಲದ ಕೊಲೆಯ ಕಥೆ ‘ಸಂಗ್ಯಾ ಬಾಳ್ಯಾ’ ಸಣ್ಣಾಟವಾಗಿ ಊರೂರು ತಿರುಗಿತು. ಆಟದಲ್ಲಿ ಸಂಗ್ಯಾನ ಕಥೆ ಮುಗಿಸಲು ಒಂದು ರಾತ್ರಿ ಸಾಕು. ಅವನ ಮುಖದ ಬಣ್ಣದ ಕಥೆ ಮಾತ್ರ ನೀರಿಗೆ ಮುಗಿಯುವುದಿಲ್ಲ. ಆಗ ಹಿರಿಯ ಕಲಾವಿದ ಕೊಬ್ಬರಿ ಎಣ್ಣೆ ಹಿಡಿದು, “ತಮ್ಮಾ, ಒಣ ಮಾರಿಗೇ ತಿಕ್ಕೋ, ನೀರ ಮುಟ್ಟಬ್ಯಾಡ” ಅನ್ನಬೇಕು. ಜಿಡ್ಡಿಗೆ ಜಿಡ್ಡೇ ಮದ್ದು.

ಅದೇ ಶಾಸ್ತ್ರ ಈಗ ‘ಕ್ಲೆನ್ಸಿಂಗ್ ಆಯಿಲ್’ ಎಂಬ ಹೆಸರಿಟ್ಟುಕೊಂಡು ಮೊಮ್ಮಗಳ ಪರ್ಸಿನಲ್ಲಿ ಕೂತಿದೆ. ಅದರೊಳಗೆ ಎಣ್ಣೆ-ನೀರಿನ ಜಗಳ ಬಿಡಿಸುವ ಎಮಲ್ಸಿಫೈಯರ್ ಎಂಬ ಪಂಚ ಇದ್ದಾನೆ. ನೀರು ತಾಕಿದರೆ ಎಣ್ಣೆ ಬೆಳ್ಳಗಾಗಿ ತೊಳೆದುಹೋಗುತ್ತದೆ. ಕೊಬ್ಬರಿ ಎಣ್ಣೆಗೆ ಆ ರಾಜಿಪಂಚಾಯ್ತಿ ಗೊತ್ತಿಲ್ಲ, ಕಡಲೆಹಿಟ್ಟನ್ನೇ ಕರೆಯಬೇಕು.

ನಮ್ಮ ಕಡೆ ಈ ಬಣ್ಣ ಬಿಡಿಸುವ ಎಣ್ಣೆಗೆ ಕೆಲಸ ಬಹಳ. ಅಕ್ಟೋಬರ್ 23ರ ಕಿತ್ತೂರು ಉತ್ಸವಕ್ಕೆ ಎಷ್ಟೊಂದು ಪುಟ್ಟ ಚೆನ್ನಮ್ಮಂದಿರು! 1824ರಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಸೈನ್ಯವನ್ನು ಸೋಲಿಸಿದ ರಾಣಿಗೆ ವಾಟರ್‌ಪ್ರೂಫ್ ಕಾಡಿಗೆಯ ಕಾಟವಿರಲಿಲ್ಲ. ಸವದತ್ತಿ ಯಲ್ಲಮ್ಮನ ಭಂಡಾರದ ಹಳದಿಯೂ ಎಣ್ಣೆಗೇ ಬಗ್ಗುತ್ತದೆ. ಆದರೆ ಅದನ್ನು ಒರೆಸುವ ಧೈರ್ಯ ಯಾವ ಭಕ್ತನಿಗಿದೆ?

ಇನ್ನು ರಾಮದುರ್ಗದ ಮದುವೆಮನೆ. ಹೊಸ ಸೊಸೆಯ ಬಾಟಲಿಯನ್ನು ಅತ್ತೆ ಮೂಸಿ, ಬೆಲೆ ಕೇಳಿ, ಎದೆ ಹಿಡಿದುಕೊಂಡು ಕೂತರು: “ಏನವಾ, ಇಷ್ಟ ರೊಕ್ಕಾ ಕೊಟ್ಟೀದಿ, ಒಗ್ಗರಣಿಗರೆ ಬರ್ತೈತೇನ?”